ರಸ್ತೆಯ ಅಪಾಯಗಳಿಂದ ಜಖಂ ಆದ ಮೋಟಾರು ಗಾಡಿಯೂ ವಿಮೆಯ ಪರಿಹಾರವೂ

ಮಳೆಗಾಲವು ಕಳೆದು ಸುಗ್ಗಿಯು ಸಮೀಪಿಸುವ ವೇಳೆಗೆ ಗ್ರಾಮಾಂತರದ ರಸ್ತೆಗಳಲ್ಲಿ ಎರಡು ಬಗೆಯ ಅಪಾಯಗಳು ಒಟ್ಟುಗೂಡುವುವು. ನೀರು ಕೊರೆದು ಮಾಡಿದ ಗುಂಡಿಗಳು ಒಂದು ಬಗೆ. ಒಕ್ಕಣೆಗಾಗಿ ರಸ್ತೆಯ ಮೇಲೆ ಹರಡಿದ ಹುರುಳಿ, ರಾಗಿ ಮೊದಲಾದ ಪೈರುಗಳು ಮತ್ತೊಂದು ಬಗೆ. ಎತ್ತಿನ ಗಾಡಿಯ ಅಚ್ಚು ಮುರಿದರೆ ಊರಿನ ಬಡಗಿಯೂ ಕಮ್ಮಾರನೂ ಸೇರಿ ಅದನ್ನು ಸರಿಪಡಿಸಬಹುದಾಗಿತ್ತು. ಈಗ ಅನೇಕ ರೈತರ ಮನೆಗಳಲ್ಲಿ ಕಾರು, ಜೀಪುಗಳು ಬಂದಿವೆ. ಇವುಗಳ ಎಂಜಿನ್ ಒಮ್ಮೆ ಕೆಟ್ಟಿತೆಂದರೆ ಒಂದು ವರ್ಷದ ಬೆಳೆಯ ಹಣವೇ ರಿಪೇರಿಗೆ ಸಾಲದೆ ಹೋಗಬಹುದು.

ವಿಮೆ ಇದೆಯೆಂಬ ಧೈರ್ಯದಿಂದಿದ್ದ ಯಜಮಾನರು ಅಪಘಾತವಾದ ಮೇಲೆ ಪರಿಹಾರವು ದೊರೆಯದೆ ವ್ಯಥೆಪಡುವುದುಂಟು. ಇದಕ್ಕೆ ಕಾರಣವನ್ನು ಹುಡುಕಿದರೆ, ಬಹಳ ಸಾರಿ ಅದು ಅಪಘಾತದ ನಂತರದ ಮೊದಲ ಒಂದೆರಡು ಗಂಟೆಗಳಲ್ಲಿಯೇ ಸಿಕ್ಕುವುದು. ಪೆಟ್ಟಿನಿಂದ ಉಂಟಾದ ನಷ್ಟವನ್ನು ವಿಮಾ ಕಂಪೆನಿಯು ಕೊಡುವುದು. ಪೆಟ್ಟು ಬಿದ್ದ ಮೇಲೂ ಗಾಡಿಯನ್ನು ಓಡಿಸಿದುದರಿಂದ ಹೆಚ್ಚಿದ ನಷ್ಟವನ್ನು ಕೊಡುವುದಿಲ್ಲ. ಈ ಪಾಠದ ಸಾರವೆಲ್ಲವೂ ಇಷ್ಟೇ. ಇದರ ವಿವರಗಳು ಮುಂದೆ ಕಂಡಂತೆ ಇರುವುವು.

೧. ವಿಮೆಯ ಬಗೆಗಳು

೧೯೮೮ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ ೧೪೬ನೆಯ ಪ್ರಕರಣದ ಮೇರೆಗೆ, ಸಾರ್ವಜನಿಕ ಸ್ಥಳದಲ್ಲಿ ಓಡಿಸುವ ಪ್ರತಿಯೊಂದು ಮೋಟಾರು ವಾಹನಕ್ಕೂ ‘ಮೂರನೆಯ ಪಕ್ಷ’ದ ವಿಮೆ ಇರಲೇಬೇಕು. ಗಾಡಿಯಿಂದ ಇತರರ ಪ್ರಾಣಕ್ಕೆ, ದೇಹಕ್ಕೆ ಅಥವಾ ಸ್ವತ್ತಿಗೆ ಆಗುವ ಹಾನಿಯನ್ನು ಮಾತ್ರ ಈ ವಿಮೆಯು ತುಂಬಿಕೊಡುವುದು. ಯಜಮಾನನ ಸ್ವಂತ ಗಾಡಿಯು ಗುಂಡಿಗೆ ಬಿದ್ದು ಜಖಂ ಆದರೆ ಇದರಿಂದ ಒಂದು ಕಾಸೂ ಬರುವುದಿಲ್ಲ. ಅದಕ್ಕೆ ‘ಸ್ವಂತ ಹಾನಿ’ಯ ವಿಮೆಯು ಬೇರೆಯಾಗಿ, ಅಥವಾ ಎರಡೂ ಸೇರಿದ ಸಮಗ್ರ ಪಾಲಿಸಿಯ ರೂಪದಲ್ಲಿ, ಇರತಕ್ಕದ್ದು. ಕಂತು ಕಡಿಮೆಯೆಂಬ ಕಾರಣದಿಂದ ಮೂರನೆಯ ಪಕ್ಷದ ವಿಮೆಯನ್ನಷ್ಟೇ ಮಾಡಿಸಿ, ಗಾಡಿಗೆ ಪೂರ್ತಿ ರಕ್ಷಣೆ ದೊರೆಯಿತೆಂದು ತಿಳಿಯುವುದು ತಪ್ಪು. ಆದಕಾರಣ ಯಜಮಾನರು ಪಾಲಿಸಿಯ ಕಾಗದವನ್ನು ಪೆಟ್ಟಿಗೆಯಿಂದ ತೆಗೆದು, ‘ಸ್ವಂತ ಹಾನಿ’ಯ ಬಾಬ್ತಿನಲ್ಲಿ ಕಂತನ್ನು ಬರೆದಿದೆಯೇ, ಅವಧಿಯು ಮುಗಿದಿಲ್ಲವಷ್ಟೆ ಎಂಬುದನ್ನು ಇಂದೇ ನೋಡಿಕೊಳ್ಳುವುದು ಉತ್ತಮ.

೨. ಯಾವುದಕ್ಕೆ ಪರಿಹಾರವುಂಟು, ಯಾವುದಕ್ಕಿಲ್ಲ

ಸ್ವಂತ ಹಾನಿಯ ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಕಳವು, ಪ್ರವಾಹ, ಬಿರುಗಾಳಿ, ಆಲಿಕಲ್ಲು, ಭೂಕಂಪ, ಭೂಕುಸಿತ, ಬಂಡೆ ಉರುಳುವಿಕೆ ಹಾಗೂ ಹೊರಗಿನ ಕಾರಣದಿಂದಾಗುವ ಅಪಘಾತ ಇವುಗಳು ಸೇರಿರುವುವು. ಗುಂಡಿಗೆ ಚಕ್ರವು ಇಳಿದು ರಿಮ್ಮು ಬಾಗುವುದು, ಎತ್ತರವಾದ ರಸ್ತೆಯುಬ್ಬಿಗೆ ಗಾಡಿಯ ತಳವು ತಗಲುವುದು, ಸಾಲುಮರದ ಕೊಂಬೆಯು ಮುರಿದು ಮೇಲೆ ಬೀಳುವುದು, ದನವು ಅಡ್ಡಬಂದು ಢಿಕ್ಕಿಯಾಗುವುದು, ಇವೆಲ್ಲವೂ ಹೊರಗಿನ ಕಾರಣದ ಅಪಘಾತಗಳೇ. ಘಟ್ಟದ ರಸ್ತೆಗಳಲ್ಲಿ ಭೂಕುಸಿತದ ಭಯವೂ ಉಂಟು. ೨೦೨೪ನೆಯ ಜುಲೈ ೧೬ರಂದು ಉತ್ತರ ಕನ್ನಡ ಜಿಲ್ಲೆಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ ೬೬ರ ಮೇಲೆ ಗುಡ್ಡವು ಕುಸಿದುದು ಎಲ್ಲರಿಗೂ ತಿಳಿದ ಸಂಗತಿ.

ರಸ್ತೆಯ ಮೇಲೆ ಹರಡಿದ ಹುರುಳಿಯ ಬಳ್ಳಿಯಿಂದ ಬೆಂಕಿಯೇ ಹುಟ್ಟಬಹುದು. ಬಳ್ಳಿಯು ತಿರುಗುವ ಅಚ್ಚಿಗೆ ಸುತ್ತಿಕೊಂಡು ಬಿಗಿಯಾಗಿ, ಉಜ್ಜುವಿಕೆಯಿಂದಲೂ ಹೊಗೆಕೊಳವೆಯ ಕಾವಿನಿಂದಲೂ ಹೊತ್ತಿಕೊಳ್ಳುವುದು. ಈ ರೀತಿಯಲ್ಲಿ ಕಾರುಗಳು ಪೂರ್ತಿಯಾಗಿ ಸುಟ್ಟುಹೋದದ್ದುಂಟು. ಇದೂ ಪರಿಹಾರಕ್ಕೆ ಅರ್ಹವಾದ ನಷ್ಟವೇ. ರಿಪೇರಿಯ ಖರ್ಚು ಪಾಲಿಸಿಯಲ್ಲಿ ನಮೂದಾದ ಗಾಡಿಯ ಬೆಲೆಯ ನೂರಕ್ಕೆ ೭೫ ಭಾಗವನ್ನು ಮೀರಿದರೆ, ಗಾಡಿಯು ಪೂರ್ಣವಾಗಿ ನಷ್ಟವಾಯಿತೆಂದೇ ಎಣಿಸಲ್ಪಡುವುದು.

ಸವೆತ, ಯಂತ್ರವು ತಾನಾಗಿಯೇ ಕೆಡುವುದು, ಒಂದು ಹಾನಿಯ ಪರಿಣಾಮವಾಗಿ ಮುಂದೆ ಉಂಟಾಗುವ ಇನ್ನೊಂದು ಹಾನಿ, ಇವುಗಳಿಗೆ ಪರಿಹಾರವಿಲ್ಲ. ಟೈರು ಮಾತ್ರವೇ ಒಡೆದರೆ ಏನೂ ದೊರೆಯದು. ಅದರೊಡನೆ ಗಾಡಿಯೂ ಜಖಂ ಆಗಿದ್ದರೆ ಟೈರಿನ ಬೆಲೆಯಲ್ಲಿ ಅರ್ಧವು ದೊರೆಯುವುದು. ಚಾಲಕನು ಮದ್ಯಪಾನ ಮಾಡಿದ್ದರೆ ಅಥವಾ ಅವನಿಗೆ ಲೈಸೆನ್ಸು ಇಲ್ಲದಿದ್ದರೆ ಹಕ್ಕು ಕೆಡುವುದು. ಸ್ವಂತ ಉಪಯೋಗಕ್ಕೆಂದು ವಿಮೆ ಮಾಡಿಸಿದ ಕಾರನ್ನು ಬಾಡಿಗೆಗೆ ಓಡಿಸುವುದೂ, ಬೇಸಾಯಕ್ಕೆಂದು ವಿಮೆ ಮಾಡಿಸಿದ ಟ್ರಾಕ್ಟರಿನಲ್ಲಿ ಬಾಡಿಗೆಯ ಕಲ್ಲು ಮರಳನ್ನು ಸಾಗಿಸುವುದೂ, ಟ್ರೈಲರಿನಲ್ಲಿ ಜನರನ್ನು ಕೂರಿಸುವುದೂ ತಕರಾರಿಗೆ ಎಡೆಕೊಡುವುವು.

೩. ಪೆಟ್ಟು ಬಿದ್ದ ಕೂಡಲೇ ಮಾಡತಕ್ಕದ್ದು

ಇಲ್ಲಿ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಒಬ್ಬ ಯಜಮಾನನು ಸಂತೆಯಿಂದ ಹಿಂದಿರುಗುವಾಗ ಕಾರಿನ ತಳವು ಗುಂಡಿಯ ಕಲ್ಲಿಗೆ ಬಡಿಯಿತೆಂದು ಇಟ್ಟುಕೊಳ್ಳೋಣ. ಎಂಜಿನ್ನಿನ ಅಡಿಯಲ್ಲಿರುವ ಆಯಿಲ್ ಚೇಂಬರು ಸೀಳಿ ಎಣ್ಣೆಯು ಸೋರತೊಡಗಿತು. ಎದುರಿನ ಫಲಕದಲ್ಲಿ ಎಣ್ಣೆಯ ಕೆಂಪು ದೀಪವೂ ಹತ್ತಿತು. ಊರು ಇನ್ನು ನಾಲ್ಕೇ ಮೈಲಿಯೆಂದು ಅವನು ಗಾಡಿಯನ್ನು ನಿಲ್ಲಿಸಲಿಲ್ಲ. ಎರಡು ಮೈಲಿ ಹೋಗುವಷ್ಟರಲ್ಲಿ ಎಣ್ಣೆಯೆಲ್ಲವೂ ಬರಿದಾಗಿ ಎಂಜಿನ್ ಬಿಗಿದುಕೊಂಡಿತು. ಈಗ ಕಂಪೆನಿಯು ಆಯಿಲ್ ಚೇಂಬರಿನ ಬೆಲೆಯನ್ನು ಕೊಡುವುದು. ಅದರ ಹತ್ತಾರು ಪಾಲು ಹೆಚ್ಚಾದ ಎಂಜಿನ್ನಿನ ಖರ್ಚು ಯಜಮಾನನ ತಲೆಯ ಮೇಲೆಯೇ ಬೀಳುವುದು. ಅಪಘಾತದ ನಂತರ ರಿಪೇರಿಯಾಗುವುದಕ್ಕೆ ಮುಂಚೆ ಗಾಡಿಯನ್ನು ಓಡಿಸಿದರೆ, ಅದರಿಂದ ಹೆಚ್ಚಾಗುವ ಹಾನಿಗೆ ಯಜಮಾನನೇ ಹೊಣೆಯೆಂದು ಪಾಲಿಸಿಯ ಷರತ್ತುಗಳಲ್ಲಿ ಸ್ಪಷ್ಟವಾಗಿದೆ.

ನೀರಿನ ವಿಷಯದಲ್ಲಿಯೂ ಇದೇ ನಿಯಮ. ತುಂಬಿದ ಹಳ್ಳವನ್ನು ದಾಟುವಾಗ ಎಂಜಿನ್ ನಿಂತುಹೋದರೆ ಮತ್ತೆ ಅದನ್ನು ಚಾಲೂ ಮಾಡಲೇಕೂಡದು. ಸಿಲಿಂಡರಿನೊಳಕ್ಕೆ ಹೊಕ್ಕ ನೀರು ಗಾಳಿಯಂತೆ ಅದುಮಲ್ಪಡುವುದಿಲ್ಲ. ಆದ್ದರಿಂದ ಒಳಗಿನ ಕಡ್ಡಿಗಳು ಬಾಗಿ ಎಂಜಿನ್ ಒಡೆಯುವುದು. ಗಾಡಿಯನ್ನು ತಳ್ಳಿ ದಡಕ್ಕೆ ತಂದು, ಬ್ಯಾಟರಿಯ ತಂತಿಯನ್ನು ಕಳಚಿ, ಮೆಕ್ಯಾನಿಕ್ ಬರುವವರೆಗೆ ಕಾಯತಕ್ಕದ್ದು.

ಆದುದರಿಂದ ಪೆಟ್ಟು ಬಿದ್ದ ಕೂಡಲೇ ಈ ಕ್ರಮವನ್ನು ಅನುಸರಿಸುವುದು ಒಳ್ಳೆಯದು:

(ಅ) ಗಾಡಿಯನ್ನು ರಸ್ತೆಯ ಅಂಚಿನಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಹಿಂದಿನಿಂದ ಬರುವವರಿಗೆ ಎಚ್ಚರಿಕೆಯ ಗುರುತನ್ನು ಇಡುವುದು.

(ಆ) ಯಾರಿಗಾದರೂ ಗಾಯವಾಗಿದ್ದರೆ ಮೊದಲು ಆಸ್ಪತ್ರೆಗೆ ಸಾಗಿಸುವುದು, ಮತ್ತು ೨೪ ಗಂಟೆಗಳೊಳಗಾಗಿ ಹತ್ತಿರದ ಪೋಲೀಸ್ ಠಾಣೆಗೆ ವರದಿ ಮಾಡುವುದು. ಕಳವು ಅಥವಾ ಬೆಂಕಿಯಾದಲ್ಲಿಯೂ ಠಾಣೆಗೆ ತಿಳಿಸಿ ಬರೆಹದ ಸ್ವೀಕೃತಿಯನ್ನು ಪಡೆಯತಕ್ಕದ್ದು.

(ಇ) ಗುಂಡಿ, ಮರ, ಹುಲ್ಲು ಯಾವುದೇ ಆಗಲಿ, ಅದರೊಡನೆ ಗಾಡಿಯು ಕಾಣುವಂತೆ ಛಾಯಾಚಿತ್ರಗಳನ್ನು ತೆಗೆಯುವುದು. ಗುಂಡಿಯ ಆಳವನ್ನು ತೋರಿಸಲು ಒಂದು ಅಳತೆಯ ಕಡ್ಡಿಯನ್ನು ಇಡಬಹುದು. ನೋಡಿದವರ ಹೆಸರು, ಸ್ಥಳ, ವೇಳೆ ಇವುಗಳನ್ನು ಬರೆದಿಡುವುದು.

(ಈ) ಅದೇ ದಿನವೇ ಕಂಪೆನಿಗೆ ದೂರವಾಣಿಯಿಂದ ತಿಳಿಸಿ, ಕ್ಲೇಮಿನ ನಂಬರನ್ನು ಗುರುತು ಹಾಕಿಕೊಳ್ಳುವುದು. ಅನಂತರ ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯುವುದು. ಈ ಖರ್ಚಿಗೆ ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ೧೫೦೦ ರೂಪಾಯಿಗಳವರೆಗೆ ಅವಕಾಶವಿದೆ.

(ಉ) ಕಂಪೆನಿಯ ಸರ್ವೆಯರು ಬಂದು ನೋಡುವವರೆಗೆ ಗಾಡಿಯನ್ನು ಬಿಚ್ಚಿಸಕೂಡದು. ಮುರಿದ ಭಾಗಗಳನ್ನು ಎಸೆಯಲೂಕೂಡದು.

ಆದ ಸಂಗತಿಯನ್ನು ಇದ್ದದ್ದು ಇದ್ದಂತೆಯೇ ಹೇಳತಕ್ಕದ್ದು. ಹಳೆಯ ಜಖಮನ್ನು ಹೊಸದರೊಡನೆ ಸೇರಿಸುವುದಾಗಲಿ, ಬೇರೊಬ್ಬನು ಓಡಿಸುತ್ತಿದ್ದನೆಂದು ಹೇಳುವುದಾಗಲಿ ನ್ಯಾಯವಾದ ಭಾಗಕ್ಕೂ ಮುಳುವಾಗುವುದು.

೪. ಸರ್ವೆಯೂ ಗಡುವುಗಳೂ

ವಿಮಾ ನಿಯಂತ್ರಣ ಪ್ರಾಧಿಕಾರವು ೨೦೨೪ನೆಯ ಜೂನ್ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಕ್ಲೇಮು ವರದಿಯಾದ ೨೪ ಗಂಟೆಗಳೊಳಗೆ ಸರ್ವೆಯರನ್ನು ನೇಮಿಸತಕ್ಕದ್ದು. ನೇಮಕವಾದ ೧೫ ದಿನಗಳೊಳಗೆ ಅವರ ವರದಿಯು ಬರತಕ್ಕದ್ದು. ವರದಿಯು ಬಂದ ೭ ದಿನಗಳೊಳಗೆ ಕಂಪೆನಿಯು ತೀರ್ಮಾನವನ್ನು ತಿಳಿಸತಕ್ಕದ್ದು. ಪಾಲಿಸಿ, ನೋಂದಣಿ ಪತ್ರ, ಚಾಲಕನ ಲೈಸೆನ್ಸು, ಗ್ಯಾರೇಜಿನ ಅಂದಾಜು ಪಟ್ಟಿ ಇವುಗಳನ್ನು ಸಿದ್ಧವಾಗಿಟ್ಟುಕೊಂಡರೆ ಕಾಲಹರಣವಾಗುವುದಿಲ್ಲ.

೫. ಎಷ್ಟು ಹಣ ಬರುವುದು

ಕಂಪೆನಿಯು ಹೊಸ ಭಾಗದ ಪೂರ್ತಿ ಬೆಲೆಯನ್ನು ಕೊಡುವುದಿಲ್ಲ. ಸವೆತದ ಲೆಕ್ಕವನ್ನು ಕಳೆಯುವುದು. ರಬ್ಬರು, ಪ್ಲಾಸ್ಟಿಕ್, ಬ್ಯಾಟರಿಗಳಿಗೆ ನೂರಕ್ಕೆ ೫೦. ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸನ್ನು ಅನುಸರಿಸಿ, ಎರಡನೆಯ ವರ್ಷದಲ್ಲಿ ನೂರಕ್ಕೆ ೧೦, ಐದನೆಯ ವರ್ಷದಲ್ಲಿ ೩೫, ಹತ್ತು ವರ್ಷಗಳ ಮೇಲೆ ೫೦. ಇದಲ್ಲದೆ ೧೫೦೦ ಸಿ.ಸಿ.ವರೆಗಿನ ಖಾಸಗಿ ಕಾರಿಗೆ ೧,೦೦೦ ರೂಪಾಯಿಗಳನ್ನೂ, ಅದಕ್ಕೂ ದೊಡ್ಡದಕ್ಕೆ ೨,೦೦೦ ರೂಪಾಯಿಗಳನ್ನೂ ಯಜಮಾನನೇ ಹೊರತಕ್ಕದ್ದು.

ಉದಾಹರಣೆಗೆ, ನಾಲ್ಕೂವರೆ ವರ್ಷದ ಒಂದು ಸಣ್ಣ ಕಾರಿಗೆ ಲೋಹದ ಭಾಗಗಳು ೧೨,೦೦೦, ಪ್ಲಾಸ್ಟಿಕ್ ಬಂಪರು ೬,೦೦೦, ಒಂದು ಟೈರು ೫,೦೦೦, ಕೂಲಿ ೫,೦೦೦, ಹೀಗೆ ಒಟ್ಟು ೨೮,೦೦೦ ರೂಪಾಯಿಗಳ ಬಿಲ್ಲಾಯಿತೆಂದು ಭಾವಿಸಬಹುದು. ಸವೆತವನ್ನು ಕಳೆದರೆ ಲೋಹಕ್ಕೆ ೭,೮೦೦, ಬಂಪರಿಗೆ ೩,೦೦೦, ಟೈರಿಗೆ ೨,೫೦೦, ಕೂಲಿಗೆ ಪೂರ್ತಿ ೫,೦೦೦, ಒಟ್ಟು ೧೮,೩೦೦ ಆಗುವುದು. ಇದರಲ್ಲಿ ೧,೦೦೦ ಕಳೆದು ೧೭,೩೦೦ ರೂಪಾಯಿಗಳು ಕೈಗೆ ಬರುವುವು. ಉಳಿದ ೧೦,೭೦೦ ಯಜಮಾನನದು. ಹೆಚ್ಚು ಕಂತನ್ನು ತೆತ್ತು ಸವೆತದ ಕಡಿತವಿಲ್ಲದ ರಕ್ಷಣೆಯನ್ನೂ, ಎಂಜಿನ್ ರಕ್ಷಣೆಯನ್ನೂ ಸೇರಿಸಿಕೊಳ್ಳಲು ಅವಕಾಶವಿದೆ. ನೆರೆ ಬರುವ ಪ್ರದೇಶದವರು ಎಂಜಿನ್ ರಕ್ಷಣೆಯನ್ನು ಪರಿಶೀಲಿಸುವುದು ಮೇಲು.

೬. ಸಣ್ಣ ಜಖಮಿಗೆ ಕ್ಲೇಮು ಮಾಡಬೇಕೆ?

ಕ್ಲೇಮು ಇಲ್ಲದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ ೨೦, ೨೫, ೩೫, ೪೫, ೫೦ ಹೀಗೆ ವರ್ಷವರ್ಷಕ್ಕೂ ರಿಯಾಯಿತಿಯು ಏರುವುದು. ಒಂದು ಸಾರಿ ಕ್ಲೇಮು ಮಾಡಿದರೆ ಇದು ಸೊನ್ನೆಗೆ ಇಳಿದು ಮತ್ತೆ ಮೊದಲಿನಿಂದ ಏರಬೇಕು. ಕಂತು ೯,೦೦೦ ರೂಪಾಯಿಗಳಿದ್ದು ೫೦ರ ರಿಯಾಯಿತಿಯುಳ್ಳವನು ಕ್ಲೇಮು ಮಾಡಿದರೆ, ಕಂತು ಬದಲಾಗದಿದ್ದಲ್ಲಿ, ಐದು ವರ್ಷಗಳಲ್ಲಿ ಸುಮಾರು ೧೧,೨೫೦ ರೂಪಾಯಿಗಳ ರಿಯಾಯಿತಿಯನ್ನು ಕಳೆದುಕೊಳ್ಳುವನು. ಆದಕಾರಣ ೧೭,೩೦೦ಕ್ಕೆ ಕ್ಲೇಮು ಮಾಡುವುದು ಲಾಭ. ನಾಲ್ಕೈದು ಸಾವಿರಕ್ಕೆ ಮಾಡುವುದು ನಷ್ಟ.

೭. ಕಂಪೆನಿಯು ನಿರಾಕರಿಸಿದರೆ

ಮೊದಲು ಕಾರಣವನ್ನು ಬರೆಹದಲ್ಲಿ ಕೇಳಿ ಪಡೆದು, ಕಂಪೆನಿಯ ದೂರು ವಿಭಾಗಕ್ಕೆ ಅರ್ಜಿ ಕೊಡತಕ್ಕದ್ದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರವು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರನ್ನು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಇಲ್ಲವೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಹೋಗಬಹುದು. ಲೈಸೆನ್ಸಿನ ಬಗೆಯನ್ನು ಕುರಿತು ಹಿಂದೆ ಇದ್ದ ಒಂದು ತಕರಾರು ಈಗ ತೀರಿದೆ: ಲಘು ಮೋಟಾರು ವಾಹನದ ಲೈಸೆನ್ಸುಳ್ಳವನು ಒಟ್ಟು ತೂಕ ೭,೫೦೦ ಕಿಲೋಗ್ರಾಂವರೆಗಿನ ಸಾಗಾಣಿಕೆಯ ಗಾಡಿಯನ್ನೂ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ೨೦೨೪ನೆಯ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ.

೮. ಗ್ರಾಮದ ಮುಖಂಡರ ಕರ್ತವ್ಯ

ಊರಿನ ಎಲ್ಲೆಯಲ್ಲಿ ಅಪಘಾತವಾದಾಗ ಪರಸ್ಥಳದವನಿಗೆ ಮೊದಲು ಒದಗುವವರು ಗ್ರಾಮದ ಹಿರಿಯರೇ. ಗಾಡಿಗೆ ಕಾವಲು ಒದಗಿಸಿ, ಕಣ್ಣಾರೆ ಕಂಡುದನ್ನು ಸತ್ಯವಾಗಿ ಬರೆದು ಸಹಿ ಹಾಕಿಕೊಟ್ಟರೆ ಅದು ದೊಡ್ಡ ಉಪಕಾರವಾಗುವುದು. ಗುಂಡಿ ಬಿದ್ದ ಕಡೆ ಕೆಂಪು ಬಟ್ಟೆಯ ಗುರುತನ್ನು ನೆಡಿಸಿ, ರಸ್ತೆಯ ಇಲಾಖೆಗೆ ಬರೆದು ತಿಳಿಸಿ, ಆ ಪತ್ರದ ನಕಲನ್ನು ಪಂಚಾಯಿತಿಯಲ್ಲಿ ಇಡತಕ್ಕದ್ದು.

ಒಕ್ಕಣೆಯ ವಿಷಯದಲ್ಲಿಯಂತೂ ತಡೆಯುವ ಶಕ್ತಿಯು ಊರಿನವರ ಕೈಯಲ್ಲಿಯೇ ಇದೆ. ಪರಿಹಾರವನ್ನು ಕೊಟ್ಟ ವಿಮಾ ಕಂಪೆನಿಗೆ, ನಷ್ಟಕ್ಕೆ ಕಾರಣರಾದವರಿಂದ ಆ ಹಣವನ್ನು ವಸೂಲು ಮಾಡುವ ಹಕ್ಕು ಇದೆ. ಎರಡು ಪಲ್ಲ ಹುರುಳಿಯನ್ನು ಸುಲಭವಾಗಿ ಒಕ್ಕಿಸಿಕೊಳ್ಳಲು ಹೋದ ಬಡ ರೈತನು ಸುಟ್ಟ ಕಾರಿನ ಬೆಲೆಗೆ ವ್ಯಾಜ್ಯವನ್ನು ಎದುರಿಸಬೇಕಾಗಿ ಬಂದರೆ ಅವನ ಹೊಲವೇ ಉಳಿಯಲಾರದು. ಗಾಡಿಯೊಳಗಿದ್ದವರ ಪ್ರಾಣಕ್ಕೆ ಅಪಾಯವಾದರೆ ಅದನ್ನು ಯಾವ ವಿಮೆಯೂ ತುಂಬಿಕೊಡಲಾರದು. ಆದಕಾರಣ ಸುಗ್ಗಿಗೆ ಮೊದಲೇ ಊರೊಟ್ಟಿಗೆ ಒಂದು ಕಣವನ್ನು ಸಿದ್ಧಪಡಿಸಿ, ರಸ್ತೆಯನ್ನು ಸಂಚಾರಕ್ಕೆ ಬಿಡುವಂತೆ ಮುಖಂಡರೂ ಜಮೀನ್ದಾರರೂ ಏರ್ಪಾಡು ಮಾಡುವುದು ಸರ್ವರಿಗೂ ಕ್ಷೇಮಕರವು.