ತೆರೆಯದ ಹಾಡಿನ ಫೈಲು: ಏನು ಮಾಡತಕ್ಕದ್ದು?

ಕಂಪ್ಯೂಟರಿನಲ್ಲಿ ಹಾಡಿನ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಹಾಡು ಕೇಳಿಸಬೇಕು. ಆದರೆ ಒಮ್ಮೊಮ್ಮೆ ಹಾಗಾಗುವುದಿಲ್ಲ. ನಮಗೆ ಬೇಡವಾದ ಬೇರೊಂದು ಪ್ಲೇಯರು ತೆರೆದುಕೊಳ್ಳುತ್ತದೆ. ಇಲ್ಲವೆ ‘ಈ ಫೈಲನ್ನು ಯಾವುದರಿಂದ ತೆರೆಯಲಿ?’ ಎಂದು ಯಂತ್ರವೇ ನಮ್ಮನ್ನು ಕೇಳುತ್ತದೆ. ಇಲ್ಲವೆ ಬರಹಕ್ಕೆಂದು ಇರುವ ನೋಟ್‌ಪ್ಯಾಡ್ ತೆರೆದು, ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಬಂದು ಬೀಳುತ್ತವೆ. ಇದನ್ನು ಕಂಡ ಕೂಡಲೆ ಹಲವರು ಹಾಡು ಕೆಟ್ಟಿತೆಂದೇ ತಿಳಿದು ಫೈಲನ್ನು ಅಳಿಸಿಬಿಡುತ್ತಾರೆ. ಹಾಗೆ ಮಾಡಬಾರದು. ಇಂಥ ಸಂದರ್ಭಗಳಲ್ಲಿ ಬಹುತೇಕ ಫೈಲು ನೆಟ್ಟಗೇ ಇರುತ್ತದೆ. ಅದನ್ನು ಯಾರು ತೆರೆಯಬೇಕೆಂಬ ನೋಂದಣಿ ಮಾತ್ರ ತಪ್ಪಿರುತ್ತದೆ. ಆ ನೋಂದಣಿಯನ್ನು ತಿದ್ದುವ ಬಗೆಯನ್ನು ಈ ಪಾಠದಲ್ಲಿ ಹೇಳುತ್ತೇವೆ.

ಇಲ್ಲಿಯ ಕ್ರಮಗಳು ವಿಂಡೋಸ್ 10 ಮತ್ತು 11 ಇರುವ ಯಂತ್ರಗಳಿಗೆ ಹೊಂದುತ್ತವೆ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ಆದರೂ ಹಳೆಯ ಯಂತ್ರಗಳಲ್ಲಿ ಅದು ಇನ್ನೂ ಉಂಟಾದ್ದರಿಂದ ಅದನ್ನೂ ಸೇರಿಸಿದ್ದೇವೆ.

ಗುರುತು ಮತ್ತು ನೋಂದಣಿ

ಗಿರಣಿಯಲ್ಲಿ ದುಡಿಯುವ ಬಂಧುಗಳಿಗೆ ಈ ವಿಷಯ ಬೇಗ ತಿಳಿದೀತು. ಗೋದಾಮಿನಲ್ಲಿ ಪ್ರತಿಯೊಂದು ಬೇಲಿನ ಮೇಲೂ ಒಂದು ಮಾರ್ಕು ಇರುತ್ತದೆ. ಕಾರಕೂನನು ಪ್ರತಿ ಬೇಲನ್ನೂ ಬಿಚ್ಚಿ ಒಳಗಿನ ಮಾಲು ನೋಡುತ್ತ ಕೂಡುವುದಿಲ್ಲ. ಮಾರ್ಕು ನೋಡುತ್ತಾನೆ, ರಜಿಸ್ಟರಿನಲ್ಲಿ ಆ ಮಾರ್ಕಿನ ಮುಂದೆ ಯಾವ ಖಾತೆಯ ಹೆಸರಿದೆಯೋ ಅಲ್ಲಿಗೆ ಕಳಿಸುತ್ತಾನೆ. ರಜಿಸ್ಟರಿನಲ್ಲಿ ಹೆಸರು ತಪ್ಪಿದರೆ ಬೇಲು ತಪ್ಪು ಖಾತೆಗೆ ಹೋಗುತ್ತದೆ. ಅಷ್ಟರಿಂದ ಒಳಗಿನ ಅರಳೆ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ.

ವಿಂಡೋಸ್ ಕೂಡ ಹೀಗೆಯೇ ನಡೆಯುತ್ತದೆ. ಫೈಲಿನ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ, ಅದರ ಮುಂದೆ ಕೆಲವು ಅಕ್ಷರಗಳು ಇರುತ್ತವೆ. ಇದಕ್ಕೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ; ನಾವು ಇಲ್ಲಿ ‘ಗುರುತು’ ಎಂದು ಕರೆಯೋಣ. ಹಾಡು ಮತ್ತು ದನಿಯ ಫೈಲುಗಳಿಗೆ ಎಂಪಿ3, ಎಂ4ಎ, ವೇವ್, ಫ್ಲಾಕ್, ಓಪಸ್ ಮೊದಲಾದ ಗುರುತುಗಳಿವೆ. ಎಂಪಿ3 ಎಂಬ ಗುರುತನ್ನು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು 1995ರ ಜುಲೈ 14ರಂದು ನಿಶ್ಚಯಿಸಿದರು. ವಿಂಡೋಸಿನ ಒಳಗೆ ‘ರಿಜಿಸ್ಟ್ರಿ’ ಎಂಬ ಹೆಸರಿನದೇ ಒಂದು ದೊಡ್ಡ ದಫ್ತರವಿದೆ. ಯಾವ ಗುರುತಿನ ಫೈಲನ್ನು ಯಾವ ಪ್ಲೇಯರು ತೆರೆಯಬೇಕೆಂಬುದು ಅದರಲ್ಲಿ ದಾಖಲಾಗಿರುತ್ತದೆ. ನಾವು ಎರಡು ಸಲ ಒತ್ತಿದಾಗ ವಿಂಡೋಸ್ ಗುರುತನ್ನು ಓದಿ, ದಫ್ತರ ನೋಡಿ, ಅಲ್ಲಿ ಹೆಸರಿರುವ ಪ್ಲೇಯರಿಗೆ ಫೈಲನ್ನು ಒಪ್ಪಿಸುತ್ತದೆ.

ನೋಂದಣಿ ತಪ್ಪುವುದೇಕೆ?

ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳು. ಒಂದು, ಹೊಸ ಪ್ಲೇಯರನ್ನು ಹಾಕಿದಾಗ ಅಥವಾ ವಿಂಡೋಸ್ ತನ್ನನ್ನು ನವೀಕರಿಸಿಕೊಂಡಾಗ ಹಳೆಯ ಹೆಸರು ಹೋಗಿ ಬೇರೆ ಹೆಸರು ಬರುವುದು. ಎರಡು, ಹಳೆಯ ಪ್ಲೇಯರನ್ನು ತೆಗೆದುಹಾಕಿದ ಮೇಲೂ ಅದರ ಹೆಸರು ದಫ್ತರದಲ್ಲಿ ಉಳಿಯುವುದು. ಊರು ಬಿಟ್ಟವನ ಹಳೆಯ ವಿಳಾಸಕ್ಕೆ ಕಾಗದ ಹೋದಂತೆ. ಮೂರು, ನಾವೇ ಅವಸರದಲ್ಲಿ ಬೇರೊಂದು ಹೆಸರಿನ ಮೇಲೆ ‘ಆಲ್ವೇಸ್’, ಅಂದರೆ ‘ಯಾವಾಗಲೂ ಇದರಿಂದಲೇ’, ಎಂದು ಒತ್ತಿಬಿಡುವುದು.

ವಿನ್ಯಾಂಪ್ ಎಂಬ ಪ್ರಸಿದ್ಧ ಪ್ಲೇಯರು 1997ರಲ್ಲಿ ಹೊರಬಂತು. ಆಗಿನ ವಿಂಡೋಸಿನಲ್ಲಿ ಯಾವ ಪ್ಲೇಯರು ಬೇಕಾದರೂ ದಫ್ತರದಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಳ್ಳಬಹುದಾಗಿತ್ತು. ಇಂದು ಒಂದು ಬರೆದರೆ ನಾಳೆ ಇನ್ನೊಂದು ಅಳಿಸಿ ಬರೆಯುತ್ತಿತ್ತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈ ಕ್ರಮ ಬದಲಾಯಿತು. ಬಳಸುವವನ ಆಯ್ಕೆಯ ಜೊತೆಗೆ ವಿಂಡೋಸ್ ಒಂದು ಗುಪ್ತ ಮೊಹರನ್ನು ಒತ್ತಿ ಇಡುತ್ತದೆ. ಮೊಹರು ಹೊಂದದಿದ್ದರೆ ಆ ಬರವಣಿಗೆಯನ್ನು ಅದು ಮಾನ್ಯ ಮಾಡುವುದಿಲ್ಲ. ಹಳೆಯ ಪ್ಲೇಯರಿನ ಒಳಗಿರುವ ‘ಎಲ್ಲ ಹಾಡುಗಳಿಗೂ ನನ್ನನ್ನೇ ಇಡು’ ಎಂಬ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಫಲವಾಗದಿರುವುದು ಇದೇ ಕಾರಣಕ್ಕೆ. ಆದಕಾರಣ ತಿದ್ದುಪಡಿಯನ್ನು ವಿಂಡೋಸಿನ ಮೂಲಕವೇ ಮಾಡತಕ್ಕದ್ದು.

ಮೊದಲು ಪರೀಕ್ಷೆ

ತಿದ್ದುವ ಮೊದಲು ದೋಷ ಎಲ್ಲಿದೆಯೆಂದು ನೋಡಬೇಕು. ಉದಾಹರಣೆಗೆ ವಿಎಲ್‌ಸಿ ಎಂಬ ಪ್ಲೇಯರನ್ನು ತೆಗೆದುಕೊಳ್ಳೋಣ. ಇದು 1996ರಲ್ಲಿ ಪ್ಯಾರಿಸಿನ ಎಕೋಲ್ ಸೆಂತ್ರಾಲ್ ಎಂಬ ವಿದ್ಯಾಲಯದ ವಿದ್ಯಾರ್ಥಿಗಳ ಕೆಲಸವಾಗಿ ಆರಂಭವಾಗಿ, 2001ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಹಣ ಕೊಡಬೇಕಾಗಿಲ್ಲ. ಹೆಚ್ಚಿನ ಬಗೆಯ ಹಾಡುಗಳನ್ನು ಬೇರೆ ಸಲಕರಣೆಯ ಹಂಗಿಲ್ಲದೆ ತಾನೇ ನುಡಿಸುತ್ತದೆ.

ಫೈಲನ್ನು ಮುಟ್ಟದೆ ಮೊದಲು ವಿಎಲ್‌ಸಿಯನ್ನು ತೆರೆಯಿರಿ. ಮೇಲಿನ ‘ಮೀಡಿಯಾ’ ಪಟ್ಟಿಯಲ್ಲಿ ‘ಓಪನ್ ಫೈಲ್’ ಎಂಬುದನ್ನು ಒತ್ತಿ, ನಿಮ್ಮ ಹಾಡನ್ನು ಆರಿಸಿರಿ. ಹಾಡು ಕೇಳಿಸಿತೆಂದರೆ ಫೈಲು ಸರಿಯಾಗಿದೆ, ನೋಂದಣಿ ತಪ್ಪಿದೆ ಎಂದು ಸಿದ್ಧವಾಯಿತು. ಮುಂದಿನ ಭಾಗಕ್ಕೆ ಹೋಗಿರಿ. ಹಾಡು ಕೇಳಿಸದಿದ್ದರೆ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿರಿ. ಗಾತ್ರದ ಸಾಲಿನಲ್ಲಿ ಸೊನ್ನೆ ಇದ್ದರೆ, ಫೋನಿನಿಂದಲೋ ಪೆನ್‌ಡ್ರೈವಿನಿಂದಲೋ ನಕಲು ಪೂರ್ತಿಯಾಗಿ ಬಂದಿಲ್ಲ. ಮೂಲವಿದ್ದಲ್ಲಿಂದ ಮತ್ತೊಮ್ಮೆ ನಕಲು ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಮೂಲವನ್ನು ಅಳಿಸಕೂಡದು.

ತಿದ್ದುವ ಕ್ರಮ

ಒಂದೇ ಬಗೆಯ ಗುರುತನ್ನು ತಿದ್ದಬೇಕಾಗಿದ್ದರೆ ಹೀಗೆ ಮಾಡಿರಿ.

1. ಫೈಲಿನ ಮೇಲೆ ಬಲಗುಂಡಿ ಒತ್ತಿ, ‘ಓಪನ್ ವಿತ್’ ಎಂಬಲ್ಲಿಗೆ ಹೋಗಿ, ‘ಚೂಸ್ ಅನದರ್ ಆ್ಯಪ್’ ಎಂಬುದನ್ನು ಒತ್ತಿರಿ.

2. ಪಟ್ಟಿಯಲ್ಲಿ ವಿಎಲ್‌ಸಿಯನ್ನು ಆರಿಸಿರಿ. ವಿಂಡೋಸ್ 11ರಲ್ಲಿ ‘ಆಲ್ವೇಸ್’ ಎಂಬ ಗುಂಡಿಯನ್ನು ಒತ್ತಿರಿ. ವಿಂಡೋಸ್ 10ರಲ್ಲಿ ಕೆಳಗಿರುವ ‘ಆಲ್ವೇಸ್’ ಎಂದು ಆರಂಭವಾಗುವ ಸಾಲಿನ ಮುಂದಿನ ಚೌಕದಲ್ಲಿ ಗುರುತು ಹಾಕಿ ‘ಓಕೆ’ ಎನ್ನಿರಿ. ಇದನ್ನು ಮರೆತರೆ ಹಾಡು ಅದೊಂದು ಸಲ ಮಾತ್ರ ತೆರೆಯುತ್ತದೆ. ಮರುದಿನ ಮತ್ತೆ ಅದೇ ತೊಂದರೆ.

3. ಪಟ್ಟಿಯಲ್ಲಿ ಪ್ಲೇಯರಿನ ಹೆಸರೇ ಇಲ್ಲದಿದ್ದರೆ, ಪಟ್ಟಿಯ ಕೊನೆಗೆ ಈ ಯಂತ್ರದಲ್ಲಿ ಬೇರೆ ಆ್ಯಪ್ ಹುಡುಕಲು ಹೇಳುವ ಸಾಲು ಇರುತ್ತದೆ. ಅದನ್ನು ಒತ್ತಿ, ಸಿ ಡ್ರೈವಿನ ‘ಪ್ರೋಗ್ರಾಂ ಫೈಲ್ಸ್’ ಒಳಗೆ ‘ವಿಡಿಯೋಲ್ಯಾನ್’, ಅದರೊಳಗೆ ‘ವಿಎಲ್‌ಸಿ’ ಎಂಬಲ್ಲಿ ಪ್ಲೇಯರನ್ನು ತೋರಿಸಿರಿ. ಅಲ್ಲಿಯೂ ಸಿಗದಿದ್ದರೆ ಪ್ಲೇಯರನ್ನು ಹೊಸದಾಗಿ ಹಾಕಿಕೊಳ್ಳುವುದು ಒಳ್ಳೆಯದು.

ಹಲವು ಗುರುತುಗಳನ್ನು ಒಟ್ಟಿಗೆ ನೋಡಬೇಕಾಗಿದ್ದರೆ ‘ಸೆಟಿಂಗ್ಸ್’ ತೆರೆದು, ‘ಆ್ಯಪ್ಸ್’, ಅದರಲ್ಲಿ ‘ಡಿಫಾಲ್ಟ್ ಆ್ಯಪ್ಸ್’ ಎಂಬಲ್ಲಿಗೆ ಹೋಗಬೇಕು. ವಿಂಡೋಸ್ 11ರಲ್ಲಿ ಅಲ್ಲಿ ವಿಎಲ್‌ಸಿಯ ಹೆಸರನ್ನು ಒತ್ತಿದರೆ ಅದು ತೆರೆಯಬಲ್ಲ ಗುರುತುಗಳೆಲ್ಲ ಸಾಲಾಗಿ ಕಾಣುತ್ತವೆ. ಪ್ರತಿಯೊಂದರ ಕೆಳಗೂ ಈಗ ಯಾರ ಹೆಸರಿದೆಯೆಂದು ಬರೆದಿರುತ್ತದೆ. ಬೇಕಾದುದನ್ನು ಒತ್ತಿ ಬದಲಿಸಬಹುದು. ಎಲ್ಲವನ್ನೂ ಬದಲಿಸುವ ಅಗತ್ಯವಿಲ್ಲ. ನಮ್ಮ ಬಳಿ ಇರುವ ನಾಲ್ಕಾರು ಬಗೆಯವನ್ನು ಸರಿಪಡಿಸಿದರೆ ಸಾಕು.

ಇನ್ನೊಂದು ಮಾತು. ಈ ಆಯ್ಕೆಯು ಪ್ರತಿಯೊಬ್ಬ ಬಳಕೆದಾರನಿಗೂ ಬೇರೆ ಬೇರೆ. ಒಂದೇ ಯಂತ್ರವನ್ನು ಇಬ್ಬರು ತಮ್ಮ ತಮ್ಮ ಹೆಸರಿನಿಂದ ತೆರೆಯುತ್ತಿದ್ದರೆ ಒಬ್ಬರು ತಿದ್ದಿದ್ದು ಇನ್ನೊಬ್ಬರಿಗೆ ಬರುವುದಿಲ್ಲ. ಅದಕ್ಕಾಗಿ ಒಬ್ಬರನ್ನೊಬ್ಬರು ದೂರಬೇಕಾಗಿಲ್ಲ.

ಗುರುತನ್ನು ಕಣ್ಣಿಗೆ ಕಾಣುವಂತೆ ಇಡಿರಿ

1995ರ ವಿಂಡೋಸ್ 95ರಿಂದಲೂ ಪರಿಚಿತ ಗುರುತುಗಳನ್ನು ಮರೆಮಾಡಿ, ಹೆಸರನ್ನು ಮಾತ್ರ ತೋರಿಸುವ ರೂಢಿ ಇದೆ. ನೋಡಲು ಚೊಕ್ಕಟ, ಆದರೆ ಅಪಾಯಕ್ಕೆ ದಾರಿ. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟು ಜಗತ್ತನ್ನೆಲ್ಲ ಕಾಡಿದ ‘ಐ ಲವ್ ಯೂ’ ಎಂಬ ಕೀಟವು ಈ ಮರೆಯನ್ನೇ ಉಪಯೋಗಿಸಿಕೊಂಡಿತು. ನೋಡುವವನಿಗೆ ಅದು ಸಾಧಾರಣ ಬರಹದ ಫೈಲು. ಕಾಣದೆ ಉಳಿದ ಕೊನೆಯ ಗುರುತಿನ ಪ್ರಕಾರ ಅದು ಕೆಲಸ ನಡೆಸುವ ಪ್ರೋಗ್ರಾಂ. ಆ ಕೀಟವು ಚಿತ್ರಗಳನ್ನು ಅಳಿಸಿ ಅವುಗಳ ಜಾಗದಲ್ಲಿ ತನ್ನನ್ನು ಬರೆಯಿತು. ಎಂಪಿ3 ಹಾಡುಗಳನ್ನಾದರೋ ಅಳಿಸದೆ ಬಚ್ಚಿಟ್ಟು, ಅದೇ ಹೆಸರಿನಲ್ಲಿ ತನ್ನ ಪ್ರತಿಯನ್ನು ಮುಂದಿಟ್ಟಿತು. ಹಾಡು ಹೋಯಿತೆಂದು ಎಷ್ಟೋ ಜನ ತಿಳಿದರೂ ಹಾಡು ಅಲ್ಲಿಯೇ ಇತ್ತು.

ಇಂದಿಗೂ ಹಾಡಿನ ಹೆಸರಿಟ್ಟುಕೊಂಡು ಕೊನೆಗೆ ‘ಎಕ್ಸ್ಇ’ ಎಂಬ ಗುರುತಿರುವ ಮೋಸದ ಫೈಲುಗಳು ಬರಬಹುದು. ಆದ್ದರಿಂದ ಫೈಲುಗಳ ಕಿಟಕಿಯಲ್ಲಿ ‘ವ್ಯೂ’ ಎಂಬುದನ್ನು ಒತ್ತಿ, ವಿಂಡೋಸ್ 11ರಲ್ಲಿ ಅದರೊಳಗಿನ ‘ಶೋ’ ಎಂಬಲ್ಲಿಗೂ ಹೋಗಿ, ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದನ್ನು ಆರಿಸಿ ಇಡಿರಿ. ಆಮೇಲೆ ಪೂರ್ಣ ಹೆಸರು ಕಾಣುತ್ತದೆ. ಕೊನೆಯ ಗುರುತು ‘ಎಕ್ಸ್ಇ’ ಎಂದಿದ್ದರೆ ಅದು ಹಾಡಲ್ಲ, ತೆರೆಯಕೂಡದು.

ಗುರುತು ಕಾಣತೊಡಗಿದ ಮೇಲೆ ಅದನ್ನು ಬದಲಿಸುವ ಆಸೆಯೂ ಕೆಲವರಿಗೆ ಆಗುತ್ತದೆ. ಎಂ4ಎ ತೆರೆಯಲಿಲ್ಲವೆಂದು ಅದನ್ನು ಅಳಿಸಿ ಎಂಪಿ3 ಎಂದು ಬರೆಯುತ್ತಾರೆ. ಬೇಲಿನ ಮೇಲಿನ ಮಾರ್ಕು ಬದಲಿಸಿದರೆ ಒಳಗಿನ ಮಾಲು ಬದಲಾದೀತೆ? ಒಳಗಿನದು ಎಂ4ಎ ಆಗಿಯೇ ಉಳಿಯುತ್ತದೆ, ಗೊಂದಲ ಮಾತ್ರ ಹೆಚ್ಚುತ್ತದೆ. ಹೀಗೆ ಬದಲಿಸಿದವರು ಮೊದಲಿನ ಗುರುತನ್ನೇ ಮತ್ತೆ ಬರೆಯಬೇಕು. ಅದು ನೆನಪಿಲ್ಲದಿದ್ದರೆ ಫೈಲನ್ನು ವಿಎಲ್‌ಸಿಯೊಳಗಿಂದ ತೆರೆದು, ‘ಟೂಲ್ಸ್’ ಪಟ್ಟಿಯ ‘ಕೋಡೆಕ್ ಇನ್‌ಫರ್ಮೇಷನ್’ ನೋಡಿದರೆ ಒಳಗಿರುವುದು ಯಾವ ಬಗೆಯದೆಂದು ತಿಳಿಯುತ್ತದೆ.

ಊರಿನ ದನಿಗಳು

ಇಷ್ಟೆಲ್ಲ ವಿವರಿಸುವುದಕ್ಕೆ ಕಾರಣವಿದೆ. ಸಿನಿಮಾ ಹಾಡು ಹೋದರೆ ಮತ್ತೊಂದು ಕಡೆ ಸಿಕ್ಕೀತು. ಆದರೆ ನಮ್ಮವರ ಫೋನುಗಳಲ್ಲಿ ಊರಿನ ಮನೆಯವರ ದನಿಯೂ ಉಂಟು. ಹಬ್ಬಕ್ಕೆ ರಜೆ ಸಿಗದವನಿಗೆ ಅವ್ವ ಕಳಿಸಿದ ನಾಲ್ಕು ಮಾತು, ಅಜ್ಜಿ ಹೇಳಿದ ಬೀಸುವ ಹಾಡು, ತಂದೆ ಹೊಲದಲ್ಲಿ ನಿಂತು ಮಳೆಯ ಸುದ್ದಿ ತಿಳಿಸಿದ್ದು. ವಾಟ್ಸಾಪಿನಲ್ಲಿ ಬರುವ ಇಂಥ ದನಿಗಳು ಆಂಡ್ರಾಯ್ಡ್ ಫೋನಿನಲ್ಲಿ ‘ಓಪಸ್’ ಎಂಬ ಗುರುತಿನಲ್ಲಿ ಕೂಡಿರುತ್ತವೆ. ಫೋನು ತುಂಬಿತೆಂದು ಅವನ್ನು ಕಂಪ್ಯೂಟರಿಗೆ ಇಳಿಸಿದಾಗ, ಅಲ್ಲಿಯ ದಫ್ತರದಲ್ಲಿ ಓಪಸ್ ಎಂಬುದರ ಮುಂದೆ ಅನೇಕ ವೇಳೆ ಯಾವ ಪ್ಲೇಯರಿನ ಹೆಸರೂ ಇರುವುದಿಲ್ಲ. ಫೈಲಿನ ಚಿತ್ರ ಬಿಳಿಯ ಹಾಳೆಯಂತೆ ಕಾಣುತ್ತದೆ. ಏನೋ ಕಸವೆಂದು ಅಳಿಸಿದರೆ, ಆ ದನಿ ಬೇರೆಲ್ಲಿಯೂ ಸಿಗುವುದಿಲ್ಲ. ಅದನ್ನು ಆಡಿದವರು ಈಗ ಇಲ್ಲದೆಯೂ ಇರಬಹುದು.

ಆದುದರಿಂದ ಬಿಳಿಯ ಹಾಳೆ ಕಂಡರೆ ಹೆದರಬಾರದು. ಮೇಲೆ ಹೇಳಿದಂತೆ ಓಪಸ್ ಫೈಲಿಗೂ ವಿಎಲ್‌ಸಿಯನ್ನು ನೇಮಿಸಿರಿ; ದನಿ ಕೇಳಿಸುತ್ತದೆ. ಈಗಾಗಲೇ ಅಳಿಸಿದ್ದರೆ ‘ರಿಸೈಕಲ್ ಬಿನ್’ ತೆರೆದು, ಫೈಲಿನ ಮೇಲೆ ಬಲಗುಂಡಿ ಒತ್ತಿ ‘ರಿಸ್ಟೋರ್’ ಎನ್ನಿರಿ, ಇದ್ದಲ್ಲಿಗೆ ಮರಳುತ್ತದೆ. ಪೆನ್‌ಡ್ರೈವಿನಿಂದ ಅಳಿಸಿದ್ದು ಮಾತ್ರ ಸಾಮಾನ್ಯವಾಗಿ ಆ ಬುಟ್ಟಿಗೆ ಬೀಳುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಅಲ್ಲಿ ಅಳಿಸುವ ಮೊದಲು ಎರಡು ಸಲ ಯೋಚಿಸಬೇಕು. ಬೆಲೆಯುಳ್ಳ ದನಿಗಳ ಪ್ರತಿಯನ್ನು ಎರಡು ಕಡೆ ಇಡುವುದು ಜಾಣತನ.

ಲಿನಕ್ಸ್ ಇರುವ ಯಂತ್ರಗಳಲ್ಲಿ

ಉಬುಂಟು ಮೊದಲಾದ ಲಿನಕ್ಸ್ ಯಂತ್ರಗಳು ಹೆಸರಿನ ಗುರುತನ್ನು ನೋಡುವುದಲ್ಲದೆ, ಅಗತ್ಯಬಿದ್ದಾಗ ಫೈಲಿನ ಒಳಗಿನ ಆರಂಭದ ಭಾಗವನ್ನೂ ಪರೀಕ್ಷಿಸುತ್ತವೆ. ಅಲ್ಲಿಯೂ ಫೈಲಿನ ಮೇಲೆ ಬಲಗುಂಡಿ ಒತ್ತಿ ‘ಓಪನ್ ವಿತ್’ ಮೂಲಕ ಪ್ಲೇಯರನ್ನು ಆರಿಸಿ, ಈ ಬಗೆಯ ಫೈಲಿಗೆ ಯಾವಾಗಲೂ ಅದನ್ನೇ ಬಳಸುವಂತೆ ನೇಮಿಸಬಹುದು. ತತ್ತ್ವ ಒಂದೇ, ಗುಂಡಿಯ ಜಾಗ ಮಾತ್ರ ಬೇರೆ.

ನೆನಪಿಡತಕ್ಕ ನಾಲ್ಕು ಮಾತು

ಹಾಡು ತೆರೆಯದಿದ್ದರೆ ಅಳಿಸಬೇಡಿರಿ. ಮೊದಲು ಪ್ಲೇಯರಿನ ಒಳಗಿಂದ ತೆರೆದು ಪರೀಕ್ಷಿಸಿರಿ. ನೋಂದಣಿಯನ್ನು ವಿಂಡೋಸಿನ ಮೂಲಕ ತಿದ್ದಿರಿ, ಹೆಸರಿನ ಕೊನೆಯ ಗುರುತನ್ನು ಬದಲಿಸಬೇಡಿರಿ. ‘ನಿಮ್ಮ ಹಾಡು ಕೇಳಬೇಕಾದರೆ ಇದನ್ನು ಇಳಿಸಿಕೊಳ್ಳಿ’ ಎಂದು ಗುರುತಿಲ್ಲದ ತಾಣಗಳು ಕೊಡುವ ಪ್ರೋಗ್ರಾಂಗಳನ್ನು ಮುಟ್ಟಬೇಡಿರಿ. ಪ್ಲೇಯರು ಬೇಕಾದರೆ ಅದನ್ನು ಮಾಡಿದವರ ಸ್ವಂತ ತಾಣದಿಂದಲೇ ತೆಗೆದುಕೊಳ್ಳಿರಿ.

ಇದು ಕೈಯಿಂದ ಮಾಡಿ ಕಲಿಯತಕ್ಕ ಪಾಠ, ಓದಿ ಬಿಡತಕ್ಕದ್ದಲ್ಲ. ವಾಚನಾಲಯಕ್ಕೆ ಬಂದಾಗ ಒಂದು ಹಾಡಿನ ಫೈಲನ್ನಾದರೂ ತಂದು, ಈ ಕ್ರಮದಂತೆ ತಿದ್ದಿ ನೋಡಿರಿ. ತಿಳಿಯದಿದ್ದರೆ ಹತ್ತಿರವಿದ್ದವರನ್ನು ಕೇಳಿರಿ. ತಿಳಿದವರು ಪಕ್ಕದ ಕೋಣೆಯವನಿಗೂ ತೋರಿಸಿಕೊಟ್ಟರೆ, ಊರಿಂದ ಬಂದ ಎಷ್ಟೋ ದನಿಗಳು ಉಳಿದಾವು.