ಡಬ್ಬಿ ಹಾಲಿನಿಂದ ಹೆಸರಾದ ಸರೋವರದ ದಂಡೆಯ ಊರು



ಹಬ್ಬದ ದಿನ ಪಾಯಸಕ್ಕೋ ಸಿಹಿ ತಿನಿಸಿಗೋ ಅಂಗಡಿಯಿಂದ ತರುವ ಮಿಲ್ಕ್‌ಮೇಡ್ ಡಬ್ಬಿಯನ್ನು ತಾವು ನೋಡಿರುತ್ತೀರಿ. ಆ ಹೆಸರಿನ ಮೂಲ ಹುಡುಕುತ್ತಾ ಹೋದರೆ ಸ್ವಿಟ್ಜರ್ಲೆಂಡಿನ ಜೂಗ್ ಸರೋವರದ ಉತ್ತರ ದಂಡೆಯಲ್ಲಿರುವ ಖಾಮ್ ಎಂಬ ಊರಿಗೆ ಬಂದು ನಿಲ್ಲುತ್ತೇವೆ. ಹಾಲು ಮಾರಿ ಬದುಕುವ ನಮಗೆ ಈ ಊರಿನ ಚರಿತ್ರೆಯಲ್ಲಿ ತಿಳಿದುಕೊಳ್ಳಬೇಕಾದದ್ದು ಸಾಕಷ್ಟಿದೆ.

ಊರು ಬಹಳ ಹಳೆಯದು. ಕ್ರಿ.ಶ. 858ರಲ್ಲಿ ಜರ್ಮನ್ ದೊರೆ ಲೂಯಿ ಇಲ್ಲಿನ ಜಮೀನನ್ನು ಜೂರಿಚ್ ನಗರದ ಸನ್ಯಾಸಿನಿಯರ ಮಠವೊಂದಕ್ಕೆ ದಾನವಾಗಿ ಬರೆದುಕೊಟ್ಟನು. ಖಾಮ್ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದು ಆಗಲೇ. ಸರೋವರದ ನೀರು ಲೋರ್ಟ್ಸೆ ಎಂಬ ಹೊಳೆಯಾಗಿ ಹೊರಗೆ ಹರಿಯುವುದು ಈ ಊರಿನ ಬಳಿ. ಆ ಹೊಳೆಯ ಬಲದಿಂದ 1657ರಲ್ಲಿ ಇಲ್ಲಿ ಕಾಗದದ ಗಿರಣಿ ಹುಟ್ಟಿತು. ಉಳಿದಂತೆ ದನಕರು, ಹಣ್ಣಿನ ಮರ, ಒಂದಿಷ್ಟು ದವಸ, ಸರೋವರದ ಮೀನು, ಇಷ್ಟರಲ್ಲೇ ಜನ ಶತಮಾನಗಳನ್ನು ಕಳೆದರು.

1864ರಲ್ಲಿ ಜೂರಿಚ್‌ನಿಂದ ಲುಸರ್ನ್‌ಗೆ ಹೋಗುವ ರೈಲು ಈ ಊರಿನ ಮೇಲೆ ಹಾದುಹೋಯಿತು. ರೈಲು ಬಂದ ಮೇಲೆ ಹೊರದೇಶದ ಅಗ್ಗದ ಗೋಧಿ ಸ್ವಿಟ್ಜರ್ಲೆಂಡಿಗೆ ಸಲೀಸಾಗಿ ಬರತೊಡಗಿತು. ದವಸ ಬೆಳೆದರೆ ಗಿಟ್ಟದೆಂದು ರೈತರು ಹೊಲಗಳನ್ನು ಹುಲ್ಲುಗಾವಲಾಗಿ ಮಾಡಿ ಹಸುಗಳ ಸಂಖ್ಯೆ ಹೆಚ್ಚಿಸಿದರು. ಹಾಲೇನೋ ಹೆಚ್ಚಿತು, ಆದರೆ ಕೆಡುವ ಪದಾರ್ಥವನ್ನು ದೂರದ ಪೇಟೆಗೆ ಮುಟ್ಟಿಸುವುದು ಹೇಗೆ? ಗಿಣ್ಣು, ಬೆಣ್ಣೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಚಾರ್ಲ್ಸ್ ಪೇಜ್ ಎಂಬ ಅಮೆರಿಕನ್ನನು ಆಗ ಜೂರಿಚ್‌ನಲ್ಲಿ ತನ್ನ ದೇಶದ ಕಾನ್ಸಲ್ ಆಗಿದ್ದನು. ಮೊದಲು ಪತ್ರಿಕಾ ವರದಿಗಾರನಾಗಿದ್ದವನು. ಅವನ ದೇಶದಲ್ಲಿ ಗೇಲ್ ಬೋರ್ಡನ್ ಎಂಬಾತ 1856ರಲ್ಲೇ ಹಾಲನ್ನು ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದನು. ಚಾರ್ಲ್ಸ್ ತನ್ನ ಅಣ್ಣ ಜಾರ್ಜ್‌ನನ್ನು ಜೊತೆಗೂಡಿಸಿಕೊಂಡು 1866ರಲ್ಲಿ ಖಾಮ್‌ನಲ್ಲಿ ಆಂಗ್ಲೋ-ಸ್ವಿಸ್ ಕಂಡೆನ್ಸ್ಡ್ ಮಿಲ್ಕ್ ಕಂಪನಿ ಸ್ಥಾಪಿಸಿದನು. ಯುರೋಪಿನಲ್ಲಿ ಡಬ್ಬಿ ಹಾಲಿನ ಮೊದಲ ಕಾರ್ಖಾನೆ ಇದು. ಯಜಮಾನರು ಅಮೆರಿಕದವರು, ಹಾಲು ಸ್ವಿಸ್ ಹಸುವಿನದು, ಹೆಸರಿನಲ್ಲಿ ಮಾತ್ರ ಆಂಗ್ಲರು! ಸರಕು ಇಂಗ್ಲೆಂಡಿನಲ್ಲಿ ಮಾರಾಟವಾಗಬೇಕೆಂಬ ಲೆಕ್ಕಾಚಾರ ಅದರ ಹಿಂದಿತ್ತು.

ವಿಧಾನ ಹೀಗೆ. ಹಾಲಿಗೆ ಸಕ್ಕರೆ ಬೆರೆಸಿ, ಗಾಳಿ ತೆಗೆದ ಮುಚ್ಚಿದ ಕಡಾಯಿಯಲ್ಲಿ ಕಾಯಿಸುತ್ತಾರೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಹಾಲು ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಸೀಯುವುದಿಲ್ಲ, ನೀರು ಮಾತ್ರ ಆವಿಯಾಗಿ ಹೋಗುತ್ತದೆ. ಸುಮಾರು ಎರಡೂವರೆ ಕೆ.ಜಿ. ಹಾಲಿನ ಸಾರ ಒಂದು ಕೆ.ಜಿ. ಗಟ್ಟಿ ಹಾಲಿನಲ್ಲಿ ಸೇರುತ್ತದೆ. ಅಷ್ಟೊಂದು ಸಕ್ಕರೆಯಲ್ಲಿ ಸೂಕ್ಷ್ಮಾಣುಗಳು ಬೆಳೆಯಲಾರವು. ನಮ್ಮ ಹೆಂಗಸರು ಉಪ್ಪಿನಕಾಯಿಗೆ ಉಪ್ಪು ಹಾಕಿ ಉಳಿಸುವಂತೆಯೇ ಇದು. (ಸಿಹಿ ಡಬ್ಬಿ ಹಾಲು ಹಸುಗೂಸಿಗೆ ತಾಯಿಹಾಲಿನ ಬದಲಿಯಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.)

ಆದರೆ ಕೆಟ್ಟ ಹಾಲನ್ನು ಯಾವ ಕಡಾಯಿಯೂ ಸರಿಮಾಡಲಾರದು. ಇದನ್ನು ಬೋರ್ಡನ್ ಮೊದಲೇ ಕಂಡುಕೊಂಡು ತನಗೆ ಹಾಲು ಹಾಕುವ ರೈತರಿಗೆ ಹತ್ತು ಕಟ್ಟಳೆಗಳನ್ನು ವಿಧಿಸಿದ್ದನು. ಕರೆಯುವ ಮೊದಲು ಕೆಚ್ಚಲನ್ನು ಬೆಚ್ಚಗಿನ ನೀರಿನಿಂದ ತೊಳೆಯಬೇಕು, ಕೊಟ್ಟಿಗೆ ಗುಡಿಸಿರಬೇಕು, ಹಾಲು ಸೋಸುವ ಜಾಲರಿಯನ್ನು ಬೆಳಿಗ್ಗೆ ಸಂಜೆ ಬಿಸಿನೀರಿನಲ್ಲಿ ಅದ್ದಿ ಒಣಗಿಸಬೇಕು, ಟರ್ನಿಪ್ ಗಡ್ಡೆ ತಿಂದ ಹಸುವಿನ ಹಾಲು ಬೇಡ, ಬೆಚ್ಚಗಿರುವ ಹಾಲು ಬೇಡ. ನಮ್ಮ ಸಂಘದಲ್ಲಿ ವಿಸ್ತರಣಾಧಿಕಾರಿಗಳು ಹೇಳುವ ಮಾತುಗಳು ಇವೇ ಅಲ್ಲವೇ? ನೂರೈವತ್ತು ವರ್ಷ ದಾಟಿದರೂ ಹೇಳುವ ಅಗತ್ಯ ತಪ್ಪಿಲ್ಲ.

ಫ್ಯಾಟ್ ಪರೀಕ್ಷೆಯ ಮಾತೂ ಇಲ್ಲಿ ಬರಬೇಕು. ಹಾಲನ್ನು ಬರೀ ಅಳತೆಯ ಮೇಲೆ ಕೊಂಡರೆ ಗಟ್ಟಿ ಹಾಲು ತಂದವನಿಗೂ ನೀರು ಬೆರೆಸಿದವನಿಗೂ ಒಂದೇ ದರ. ಈ ಅನ್ಯಾಯಕ್ಕೆ ಪರಿಹಾರ ಕೊಟ್ಟವರಲ್ಲಿ ಸ್ವಿಸ್ ರಸಾಯನಶಾಸ್ತ್ರಜ್ಞ ನಿಕ್ಲಾಸ್ ಗರ್ಬರ್ ಒಬ್ಬನು. 1891ರಲ್ಲಿ ಅವನು ಪೇಟೆಂಟ್ ಪಡೆದ ಬ್ಯುಟಿರೋಮೀಟರ್, ಅಂದರೆ ಆಮ್ಲ ಹಾಕಿ ತಿರುಗಿಸಿ ಜಿಡ್ಡಿನ ಗೀಟು ನೋಡುವ ಗಾಜಿನ ನಳಿಕೆ, ನಮ್ಮ ಹಳ್ಳಿಯ ಸಂಘಗಳಲ್ಲಿ ದಶಕಗಳ ಕಾಲ ದರ ನಿರ್ಧರಿಸಿದೆ.

ಕಾರ್ಖಾನೆಯಿಂದ ಖಾಮ್‌ನ ರೈತರಿಗೆ ಕಂಡ ಲಾಭ ಸಣ್ಣದಲ್ಲ. ದಿನವೂ ಕೊಳ್ಳುವವರಿದ್ದರು, ಕೈಗೆ ನಗದು ಬರುತ್ತಿತ್ತು, ಊರಿನವರಿಗೆ ಕೂಲಿ ಸಿಕ್ಕಿತು. ಇನ್ನೊಂದು ಮುಖವೂ ಉಂಟು. ಇದ್ದ ಹಾಲನ್ನೆಲ್ಲ ಮಾರಿ ಮನೆಮಂದಿ ಆಲೂಗೆಡ್ಡೆ ತಿಂದು ಕಾಲ ಹಾಕುತ್ತಾರೆ, ಮಕ್ಕಳಿಗೆ ಹಾಲಿಲ್ಲ ಎಂಬ ದೂರು 19ನೆಯ ಶತಮಾನದ ಕೊನೆಯಲ್ಲಿ ಆ ದೇಶದಲ್ಲೆಲ್ಲ ಕೇಳಿಬಂತು. ಬೆಳಗಿನ ಹಾಲನ್ನು ಪೂರ್ತಿ ಕ್ಯಾನಿಗೆ ಸುರಿಯುವ ತಾಯಂದಿರು ಇದನ್ನು ಒಮ್ಮೆ ಯೋಚಿಸಬೇಕು.

ಕಾರ್ಖಾನೆಯ ಒಡೆತನದಲ್ಲಿ ಹಾಲು ಹಾಕುವವರಿಗೆ ಪಾಲಿರಲಿಲ್ಲ. ವೆವೆ ಎಂಬ ಇನ್ನೊಂದು ಸರೋವರದಂಡೆಯ ಊರಿನ ನೆಸ್ಲೆ ಕಂಪನಿ ಇವರ ಎದುರಾಳಿ. 1870ರ ದಶಕದ ಕೊನೆಯಲ್ಲಿ ಇವರು ಶಿಶು ಆಹಾರ ಮಾಡಿದರೆ ಅವರು ಡಬ್ಬಿ ಹಾಲು ಮಾಡಿದರು. ಪೈಪೋಟಿ ಬಹಳ ವರ್ಷ ನಡೆಯಿತು. ಚಾರ್ಲ್ಸ್ 1873ರಲ್ಲಿ, ಜಾರ್ಜ್ 1899ರಲ್ಲಿ ತೀರಿಕೊಂಡರು. 1905ರಲ್ಲಿ ಎರಡು ಕಂಪನಿಗಳೂ ಒಂದಾದವು. ಜಾರ್ಜ್‌ನ ಪತ್ನಿ ಅಡೆಲ್‌ಹೈಡ್ ಜೂಗ್ ಸೀಮೆಯವರೇ. ಆಕೆ ತಮ್ಮ ಸಂಪತ್ತಿನಿಂದ ಸಮೀಪದ ಊರೊಂದರಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಕಟ್ಟಿಸಿದರು. ಅದು 1912ರಲ್ಲಿ ತೆರೆಯಿತು.

ಒಂದಾದ ಕಂಪನಿಗೆ ಬೇರೆ ಬೇರೆ ದೇಶಗಳಲ್ಲಿ ಕಾರ್ಖಾನೆಗಳಿದ್ದವು. ಎಲ್ಲಿ ಅಗ್ಗವೋ ಅಲ್ಲಿ ತಯಾರಿಸಬಹುದಲ್ಲವೇ? 1930ರ ದಶಕದ ಆರಂಭದಲ್ಲಿ, ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿದ್ದಾಗ, ಖಾಮ್‌ನ ಹಾಲಿನ ಕಾರ್ಖಾನೆಯ ಬಾಗಿಲು ಮುಚ್ಚಿತು. ನೆಸ್ಲೆ ಕಂಪನಿಯ ನೋಂದಾಯಿತ ಕಚೇರಿಗಳ ಪೈಕಿ ವೆವೆ ಜೊತೆಗೆ ಖಾಮ್ ಹೆಸರು ಮಾತ್ರ ಉಳಿಯಿತು.

ಸ್ವಿಸ್ ಹಳ್ಳಿಗಳಲ್ಲಿ ಆ ವೇಳೆಗೆ ಗಿಣ್ಣು ತಯಾರಿಕೆಯ ಸಹಕಾರ ಸಂಘಗಳು ಬೇರೂರಿದ್ದವು. 1907ರಲ್ಲಿ ಹಾಲು ಉತ್ಪಾದಕರು ದೇಶಮಟ್ಟದ ಒಕ್ಕೂಟವನ್ನೂ ಕಟ್ಟಿಕೊಂಡಿದ್ದರು. ದರದ ಮಾತುಕತೆಗೆ ಒಬ್ಬೊಬ್ಬನೇ ಹೋಗಿ ಕೈಕಟ್ಟಿ ನಿಲ್ಲುವ ಸ್ಥಿತಿ ಹೀಗೆ ತಪ್ಪಿತು. ಕಂಪನಿ ಹೋದರೂ ಆ ಸೀಮೆಯಿಂದ ಹಸು ಹೋಗಲಿಲ್ಲ. ಅಲ್ಲಿನ ಕಂದು ಬಣ್ಣದ ಬ್ರೌನ್ ಸ್ವಿಸ್ ತಳಿ ನಮ್ಮ ದೇಶಕ್ಕೂ ಬಂದಿದೆ. 1963ರಲ್ಲಿ ಕೇರಳದ ಮಟ್ಟುಪೆಟ್ಟಿಯಲ್ಲಿ ಆರಂಭವಾದ ಇಂಡೋ-ಸ್ವಿಸ್ ಯೋಜನೆಯಿಂದ ಸುನಂದಿನಿ ತಳಿ ರೂಪುಗೊಂಡಿತು.

ಇಂದಿನ ಖಾಮ್ ಸುಮಾರು 17 ಸಾವಿರ ಜನರ ಪಟ್ಟಣ. ತೆರಿಗೆ ಕಡಿಮೆಯಾದ್ದರಿಂದ ಜೂಗ್ ಪ್ರಾಂತಕ್ಕೆ ದೇಶವಿದೇಶದ ಕಂಪನಿಗಳು ಬಂದು ಸೇರಿವೆ. ಕಾಗದದ ತಯಾರಿಕೆಯೂ ಇಟಲಿಗೆ ಹೋಗಿ, ಗಿರಣಿಯ ಜಾಗದಲ್ಲಿ ಮನೆಗಳು ಏಳುತ್ತಿವೆ. ಸುತ್ತಲಿನ ದಿಬ್ಬಗಳ ಮೇಲೆ ಹುಲ್ಲುಗಾವಲು, ಕೊಟ್ಟಿಗೆಗಳು ಈಗಲೂ ಇವೆ. ಹಸು ಹೆಚ್ಚಾದ ಕಡೆ ಸಗಣಿಯೂ ಹೆಚ್ಚು. ಅದರ ರಂಜಕ ಮಳೆನೀರಿನೊಡನೆ ಸರೋವರಕ್ಕಿಳಿದು ಪಾಚಿ ಬೆಳೆಸುತ್ತದೆ. ಹಾಗಾಗಿ ನೆಲ ಹಿಮ ಹೊದ್ದಿರುವಾಗ ಅಥವಾ ನೀರು ಕುಡಿದು ತೊಯ್ದಿರುವಾಗ ಗದ್ದೆಗೆ ಸಗಣಿಯ ಬಗ್ಗಡ ಹರಿಸುವಂತಿಲ್ಲ ಎಂದು ಅಲ್ಲಿ ಕಾನೂನಿದೆ. ಅದನ್ನು ಕೂಡಿಡಲು ಕೊಟ್ಟಿಗೆಯ ಪಕ್ಕದಲ್ಲೇ ರೈತರು ದೊಡ್ಡ ತೊಟ್ಟಿಗಳನ್ನು ಕಟ್ಟಿಕೊಂಡಿದ್ದಾರೆ.