ದಾದಿಯ ಬೆರಳು ಮತ್ತು ಟಿಬಿ ಪರೀಕ್ಷೆ

ನಾನು ಕಾಮರ್ಸ್ ವಿದ್ಯಾರ್ಥಿನಿ. ಸೈನ್ಸ್ ವಿಷಯ ಬರೆಯಲು ಕಾರಣ ನಮ್ಮ ದಾದಿ. (ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬಾನ ತಾಯಿ, ನರ್ಸ್ ಅಲ್ಲ.) ಅವರಿಗೆ ರುಮಟಾಯ್ಡ್ ಸಂಧಿವಾತ. ಫಜರ್‌ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ವುಜೂ ಮಾಡಲು ನಲ್ಲಿ ತಿರುಗಿಸಿ ಕೊಡುವವಳು ನಾನೇ. ಮಾತ್ರೆಗಳಿಂದ ಕಡಿಮೆಯಾಗಲಿಲ್ಲವೆಂದು ಡಾಕ್ಟರು ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಹೇಳಿದರು. ಆದರೆ ಮೊದಲು ಟಿಬಿ ಪರೀಕ್ಷೆ ಮಾಡಿಸಿ ಎಂದರು. "ಕೈ ನೋವಿಗೂ ಟಿಬಿಗೂ ಏನು ಸಂಬಂಧ?" ಎಂದು ದಾದಿಗೆ ಕೋಪ. ನನಗೂ ಗೊತ್ತಿರಲಿಲ್ಲ. ಬಯಾಲಜಿ ಓದುವ ಗೆಳತಿಯ ಪುಸ್ತಕ ತಂದು ಓದಿದೆ, ಲೆಕ್ಚರರ್ ಹತ್ತಿರವೂ ಕೇಳಿದೆ.

ನಮ್ಮ ದೇಹದಲ್ಲಿ ಮ್ಯಾಕ್ರೋಫೇಜ್ ಎಂಬ ಕೋಶಗಳಿವೆ. ರೋಗಾಣು ಸಿಕ್ಕರೆ ನುಂಗುತ್ತವೆ. ಜೊತೆಗೆ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನ್‌ಗಳನ್ನು ಬಿಟ್ಟು ಉಳಿದ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಇವೇ ಸೈಟೋಕೈನ್‌ಗಳು. ಆಗ ರಕ್ತನಾಳ ಹಿಗ್ಗುತ್ತದೆ, ಬಿಳಿ ರಕ್ತಕಣಗಳು ಧಾವಿಸುತ್ತವೆ, ಜಾಗ ಕೆಂಪಾಗಿ ಊದುತ್ತದೆ. ಇದು ಉರಿಯೂತ.

ಇದನ್ನು ನಿಲ್ಲಿಸುವುದು ಯಾರು? ಡೆಬಿಟ್ ಒಂದು ಕಡೆ, ಕ್ರೆಡಿಟ್ ಇನ್ನೊಂದು ಕಡೆ ಇರುವಂತೆ ಅದಕ್ಕೆ ಬೇರೆ ಕೋಶ ಇರಬೇಕು ಎಂದುಕೊಂಡಿದ್ದೆ. ಅಂಥ ಕೋಶಗಳೂ ಇವೆಯಂತೆ. ಆದರೆ ಅದೇ ಮ್ಯಾಕ್ರೋಫೇಜ್ ಕೂಡ, ಕೆಲಸ ಮುಗಿಸಿ ಸತ್ತ ಬಿಳಿ ರಕ್ತಕಣಗಳನ್ನು ನುಂಗಿದ ಮೇಲೆ, ಇಂಟರ್‌ಲ್ಯೂಕಿನ್-10 ಮತ್ತು ಟಿಜಿಎಫ್-ಬೀಟಾ ಬಿಡತೊಡಗುತ್ತದೆ. ಇವು ಟಿಎನ್‌ಎಫ್ ತಯಾರಿಕೆಯನ್ನು ತಗ್ಗಿಸುತ್ತವೆ. ಇಂಟರ್‌ಲ್ಯೂಕಿನ್-10ರ ಜೀನ್ ತೆಗೆದ ಇಲಿಗಳಿಗೆ ಕರುಳಿನ ಉರಿಯೂತ ಬರುತ್ತದೆ ಎಂದು 1993ರಲ್ಲಿ ಪ್ರಕಟವಾಯಿತು.

ದಾದಿಯ ಕೀಲುಗಳಲ್ಲಿ ಓಡಿಸಬೇಕಾದ ರೋಗಾಣು ಇಲ್ಲ, ಆದರೂ ಟಿಎನ್‌ಎಫ್ ನಿಲ್ಲುತ್ತಿಲ್ಲ. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ 1992ರಲ್ಲಿ ಟಿಎನ್‌ಎಫ್ ಒಂದನ್ನೇ ತಡೆಯುವ ಔಷಧವನ್ನು ಇಂಥ 20 ರೋಗಿಗಳಿಗೆ ಕೊಟ್ಟು ನೋಡಲು ಶುರುಮಾಡಿದರು. ನೋವು, ಊತ ಇಳಿದವು.

ಇನ್ನು ಟಿಬಿ. ಆ ಬ್ಯಾಕ್ಟೀರಿಯಾ ಎಷ್ಟೋ ಜನರ ದೇಹದಲ್ಲಿ ಕಾಯಿಲೆ ತೋರಿಸದೆ ಸುಮ್ಮನಿರುತ್ತದೆ. ಮ್ಯಾಕ್ರೋಫೇಜ್‌ಗಳೇ ಅದರ ಸುತ್ತ ಒತ್ತಾಗಿ ನಿಂತು ಗೋಡೆಯಾಗಿರುತ್ತವೆ. ಆ ಗೋಡೆ ಗಟ್ಟಿಯಾಗಿರಲು ಟಿಎನ್‌ಎಫ್ ಬೇಕು! ಇಂಜೆಕ್ಷನ್ ಅದನ್ನೇ ತಡೆದರೆ ಒಳಗಿದ್ದದ್ದು ಹೊರಬರಬಹುದು. ಈ ಬಗೆಯ ಒಂದು ಔಷಧ ಪಡೆದ 70 ಜನರಿಗೆ ಟಿಬಿ ಬಂದದ್ದು 2001ರಲ್ಲಿ ವರದಿಯಾಗಿತ್ತು.

ದಾದಿಗೆ ಉರ್ದುವಿನಲ್ಲಿ "ದೀವಾರ್" ಎಂದು ವಿವರಿಸಿದೆ. ಆಗ ಅವರು, ತಮ್ಮ ಅಣ್ಣನಿಗೆ ಹಿಂದೆ ಟಿಬಿ ಆಗಿತ್ತು ಎಂದು ಮೊದಲ ಸಲ ಹೇಳಿದರು. ಎಕ್ಸ್‌ರೇ ಸರಿಯಿದೆ, ರಕ್ತಪರೀಕ್ಷೆ ಪಾಸಿಟಿವ್. ಈಗ ಟಿಬಿ ತಡೆಯುವ ಮಾತ್ರೆ ನಡೆಯುತ್ತಿದೆ. ಒಂದು ತಿಂಗಳಾದ ಮೇಲೆ ಇಂಜೆಕ್ಷನ್ ಬಗ್ಗೆ ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ನಲ್ಲಿ ತಿರುಗಿಸುವ ಕೆಲಸ ನನ್ನದೇ.